ಕೆಂಚಮ್ಮನ ಬಾಗಿಲಿಗೆ ಕಟ್ಟಿದ ಗಾಳಿಗಿಡ

ಹಿನಕಲ್‌ನಲ್ಲಿ ನಾನು ಬಾಡಿಗೆಗಿರುವ ಮನೆಯ ತಾರಸಿಯಲ್ಲಿ ಬಟ್ಟೆ ಒಣಗಿಹಾಕಬೇಕಾದರೆ ಮೊದಲು ಬಗ್ಗಿ ನಡೆಯುವುದನ್ನು ಕಲಿಯಬೇಕು. ನೆಟ್ಟಗೆ ನಡೆದರೆ ಹಣೆಗೆ ಗಿಡ ಬಡಿಯುತ್ತದೆ. ಕುಂಡದ ಗಿಡವಲ್ಲ, ಬಳ್ಳಿಯೂ ಅಲ್ಲ. ಹಿಡಿ ಮಣ್ಣಿನ ಹಂಗೂ ಇಲ್ಲದೆ ಗಾಳಿಯಲ್ಲಿ ತೂಗಾಡುತ್ತ ಬದುಕುವ ಬೂದುಹಸಿರಿನ ಗಿಡಗಳು. ಪೇಟೆಯವರು ಅವನ್ನು ಏರ್ ಪ್ಲಾಂಟ್ ಎನ್ನುತ್ತಾರೆ. ನಮ್ಮ ಓನರ್ ಚೆಲುವಮ್ಮನವರು ಗಾಳಿಗಿಡ ಎನ್ನುತ್ತಾರೆ. ನಾನು ಮೊದಮೊದಲು ಏನೆನ್ನುತ್ತಿದ್ದೆ ಎಂಬುದು ಇಲ್ಲಿ ಬೇಡ.

ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ನಾನು ಫಿಸಿಕ್ಸ್ ಹೇಳಿಕೊಡುತ್ತೇನೆ. ಬೆಳಗಿನ ಬ್ಯಾಚಿಗೆ ಓಡುವ ಅವಸರದಲ್ಲಿ ಒದ್ದೆ ಟವೆಲ್ ಹಿಡಿದು ಮೇಲೆ ಹೋದರೆ, ಚೆಲುವಮ್ಮ ಆಗಲೇ ಅಲ್ಲಿ ನೀರು ಸಿಂಪಡಿಸುತ್ತ ನಿಂತಿರುತ್ತಿದ್ದರು. ನನ್ನತ್ತ ತಿರುಗದೆಯೇ "ಮೇಷ್ಟ್ರೇ, ತಲೆ" ಎನ್ನುತ್ತಿದ್ದರು. ತಲೆಯ ಮೇಲಿನ ಕಾಳಜಿ ಅದು ಎಂದು ನಾನು ತುಂಬ ದಿನ ತಿಳಿದಿದ್ದೆ. ಕಾಳಜಿ ಗಿಡದ ಮೇಲೆ ಎಂದು ಆಮೇಲೆ ಗೊತ್ತಾಯಿತು.

ಒಂದು ದಿನ ಸಿಟ್ಟು ಬಂದು, ಇವು ಏನು ತಿಂದು ಬದುಕುತ್ತವೆ, ಇಲ್ಲ ನನ್ನ ಟವೆಲ್ಲಿನ ನೀರನ್ನೇ ಕುಡಿಯುತ್ತವೋ ಎಂದು ಕೇಳಿದೆ. ಅವರು ಸೆರಗಿನ ಗಂಟಿನಿಂದ ಒಂದು ಚಿಕ್ಕ ಭೂತಗನ್ನಡಿ ತೆಗೆದು ನನ್ನ ಕೈಗಿಟ್ಟು, ಒಂದು ಎಲೆಯನ್ನು ಹತ್ತಿರ ಹಿಡಿದರು. ಎಲೆಯ ಮೈತುಂಬ ಬೆಳ್ಳಿಯ ಪುಟ್ಟ ಪುಟ್ಟ ಹುರುಪೆ. ಒಂದು ಹನಿ ನೀರು ಬಿಟ್ಟರು. ನಾನು ನೋಡನೋಡುತ್ತಿದ್ದಂತೆ ಹುರುಪೆಗಳು ನೀರು ಹೀರಿ ಗಾಜಿನಂತೆ ತಿಳಿಯಾಗಿ, ಬೂದಿ ಬಣ್ಣದ ಜಾಗದಲ್ಲಿ ಹಸಿರು ಮೂಡಿ ನಿಂತಿತು. ಬೇರಿನ ಕೆಲಸವನ್ನು ಎಲೆಯ ಚರ್ಮ ಮಾಡುತ್ತಿತ್ತು. ಆ ದಿನ ನಾನು ಬ್ಯಾಚಿಗೆ ತಡವಾಗಿ ಹೋದೆ, ಮಕ್ಕಳಿಗೆ ಏನು ಪಾಠ ಮಾಡಿದೆನೋ ನೆನಪಿಲ್ಲ.

ಚೆಲುವಮ್ಮ ಈ ಗಿಡದ ಹುಚ್ಚಿಗೆ ಬಿದ್ದದ್ದು ನಿವೃತ್ತಿಯಾದ ಮೇಲೆ. ಅದಕ್ಕೂ ಮುಂಚೆ ಅವರು ರೇಷ್ಮೆ ಬಿತ್ತನೆ ಕೋಠಿಯಲ್ಲಿ ಕೆಲಸಕ್ಕಿದ್ದರು. ರೈತರು ಸಾಕುವ ರೇಷ್ಮೆಹುಳುವಿಗೆ ಮೊಟ್ಟೆ ತಯಾರಾಗುವುದು ಅಲ್ಲಿ. ಗೂಡನ್ನು ಬ್ಲೇಡಿನಿಂದ ಕೊಯ್ದು, ಒಳಗಿನ ಕೋಶವನ್ನು ಅಂಗೈಮೇಲೆ ಹೊರಳಿಸಿ, ಬಾಲದ ಕಡೆ ನೋಡಿ ಹೆಣ್ಣು ಗಂಡು ಬೇರೆ ಮಾಡಬೇಕು. ಹೆಣ್ಣಿಗೆ ಒಂದು ಸಣ್ಣ ಗೀಟು, ಗಂಡಿಗೆ ಒಂದು ಚುಕ್ಕೆ. ಚಿಟ್ಟೆ ಹೊರಬಂದ ಮೇಲೆ ಮೈಸೂರು ತಳಿಯ ಹೆಣ್ಣಿಗೆ ಹೊರಗಿನ ತಳಿಯ ಗಂಡು ಬಿಡಬೇಕು. ಆ ಜೋಡಿಯಿಂದ ಹುಟ್ಟುವುದೇ ಮಿಶ್ರತಳಿ. ಒಂದು ಕೋಶ ತಪ್ಪು ತಟ್ಟೆಗೆ ಬಿದ್ದರೂ ತಳಿ ಕೆಟ್ಟಿತು. ನಮ್ಮ ಚೆಲುವಮ್ಮನ ಕಣ್ಣು ತಪ್ಪುತ್ತಿರಲಿಲ್ಲವಂತೆ. ಇದನ್ನು ಅವರೇ ಹೇಳಿದ್ದು, ಆದರೆ ನಾನು ನಂಬುತ್ತೇನೆ, ನನ್ನ ಬಕೆಟ್ಟಿಗೂ ಪಕ್ಕದ ಪೋರ್ಷನ್ನಿನವರ ಬಕೆಟ್ಟಿಗೂ ಇರುವ ವ್ಯತ್ಯಾಸವನ್ನು ಮೆಟ್ಟಿಲಿನಿಂದಲೇ ಹೇಳಬಲ್ಲವರು ಅವರು.

ಇಷ್ಟೆಲ್ಲ ಮಾಡಿಯೂ ಅವರ ಮನಸ್ಸಿನಲ್ಲಿ ಒಂದು ಕೊರತೆ ಉಳಿದಿತ್ತು. ಮೊಟ್ಟೆಯ ಹಾಳೆ ಕೋಠಿಯಿಂದ ಹೊರಟರೆ ಮುಗಿಯಿತು. ಹುಳು ಮೇಯುವುದು, ಗೂಡು ಕಟ್ಟುವುದು ಎಲ್ಲೋ ಚಾಮರಾಜನಗರದ ಕಡೆ, ಇಲ್ಲವೇ ಕೊಳ್ಳೇಗಾಲದಲ್ಲಿ. ಒಂದು ಸಂಜೆ ತಾರಸಿಯಲ್ಲಿ ಕೂತು ಅವರು ನನಗೆ ಹೇಳಿದ್ದು ಇಷ್ಟೇ.

"ಜೋಡಿ ಮಾಡ್ದೋಳು ನಾನು ಮೇಷ್ಟ್ರೆ. ಮಕ್ಕಳ ಮುಖ ನೋಡ್ದೋರು ಇನ್ಯಾರೋ. ಒಂದು, ಒಂದೇ ಒಂದರ ಮುಖ ನೋಡ್ಬುಟ್ರೆ ಸಾಕು ನಂಗೆ."

ಗಾಳಿಗಿಡ ಅವರ ಕೈಗೆ ಬಂದದ್ದು ಯೋಗೇಂದ್ರ ಅವರಿಂದ. ಯೋಗೇಂದ್ರ ಸಸ್ಯಶಾಸ್ತ್ರದ ಲೆಕ್ಚರರ್, ಸರಸ್ವತಿಪುರಂನಲ್ಲಿ ಮನೆ, ಮಾತು ಕಡಿಮೆ, ಗಿಡ ಜಾಸ್ತಿ. ಅವರು ಚೆಲುವಮ್ಮನಿಗೆ ಎರಡು ಜಾತಿಯ ಗಿಡ ಕೊಟ್ಟಿದ್ದರು. ಒಂದರ ಹೆಸರು ಏರಾಂತಸ್, ಇನ್ನೊಂದು ಬರ್ಜೆರಿ. ಎರಡೂ ದಕ್ಷಿಣ ಅಮೆರಿಕದ ಮೂಲದವು. ಪಕ್ಕಪಕ್ಕ ತೂಗುಹಾಕಿದರೆ ಸಾಕಿದವರೇ ತಬ್ಬಿಬ್ಬಾಗುವಷ್ಟು ಒಂದೇ ಥರ. ಹೂ ಬಿಟ್ಟಾಗ ಮಾತ್ರ ಗುಟ್ಟು ಬಯಲು. ಏರಾಂತಸ್‌ನ ಎಸಳು ಕಡುನೀಲಿ, ನೆಟ್ಟಗೆ ನಿಲ್ಲುತ್ತದೆ. ಬರ್ಜೆರಿಯದು ತಿಳಿನೀಲಿ, ತುದಿ ತಿರುಚಿಕೊಂಡಿರುತ್ತದೆ. ಬರ್ಜೆರಿ ಮರಿ ಹಾಕುವುದರಲ್ಲಿ ಧಾರಾಳ, ಹೂ ಬಿಡುವುದರಲ್ಲಿ ಮಹಾ ಜಿಪುಣ. ನರ್ಸರಿಯಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದು ಬರುತ್ತದೆ, ಎಷ್ಟೋ ಸಲ ಎರಡರ ಮಿಶ್ರವೇ ಬರುತ್ತದೆ, ಹೂ ನೋಡದೆ ಯಾರು ಏನು ಹೇಳಿದರೂ ನಂಬಬೇಡಿ ಎಂದು ಯೋಗೇಂದ್ರ ಹೇಳಿದ್ದರು. ಅವರು ಹೇಳಿದ ಅಷ್ಟೂ ಮಾತಿನಲ್ಲಿ ಚೆಲುವಮ್ಮನ ಕಿವಿಗೆ ಬಿದ್ದದ್ದು ಮಿಶ್ರ ಎಂಬ ಒಂದೇ ಮಾತು.

ನಾನು ಆ ಮನೆಗೆ ಬಂದ ಹೊಸದರಲ್ಲಿ ಎರಡೂ ಗಿಡ ಒಂದೇ ವಾರ ಹೂ ಬಿಟ್ಟವು. ಜಿಪುಣ ಬರ್ಜೆರಿ ಕೂಡ. ಚೆಲುವಮ್ಮ ಕೋಠಿಯ ಕ್ರಮವನ್ನೇ ಹಿಡಿದರು. ಏರಾಂತಸ್‌ನ ಹೊಸ ಹೂವಿನಿಂದ ಪರಾಗದ ಚೀಲಗಳನ್ನು ಚಿಮಟದಲ್ಲಿ ಕಿತ್ತು ತೆಗೆದರು. ಮರಿಹುಳುಗಳನ್ನು ಸರಿಸಲು ಕೋಠಿಯಲ್ಲಿ ಹಕ್ಕಿಯ ಗರಿ ಬಳಸುತ್ತಾರೆ, ಅಂಥದೇ ಒಂದು ಗರಿಯಿಂದ ಬರ್ಜೆರಿಯ ಪರಾಗ ತಂದು ಸವರಿದರು. ಆಮೇಲೆ ಹಳೇ ಪಂಚೆಯ ತುಂಡಿನಲ್ಲಿ ಚೀಲ ಹೊಲಿದು ಹೂವಿಗೆ ಮರೆ ಕಟ್ಟಿದರು. ನಾನು ಟವೆಲ್ ಹಿಡಿದುಕೊಂಡು, ಓಲಗದವರನ್ನು ಕರೆಸೋಣವೇ ಎಂದು ಕೇಳಿದೆ. ಅವರು ನಗಲಿಲ್ಲ.

ಕಾಯಿ ಬಲಿಯಲು ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೊಂದು ಬಿಸಿಲ ಮಧ್ಯಾಹ್ನ ಅದು ಒಡೆದಾಗ ಒಳಗಿನಿಂದ ಎಕ್ಕದ ಬೀಜದಂಥ ಬಿಳಿ ನವಿರು ಹೊರಬಂತು. ಒಂದೊಂದು ಎಳೆಯ ತುದಿಯಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಬೀಜ. ಚೆಲುವಮ್ಮ ತಾರಸಿಯ ಗೋಡೆಗೆ ಹಳೇ ಚಂದ್ರಿಕೆಗಳನ್ನು ಒರಗಿಸಿದ್ದರು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ, ಸುರುಳಿ ಸುರುಳಿಯಾಗಿ ಹೆಣೆದದ್ದು. ಈಗ ಪ್ಲಾಸ್ಟಿಕ್ಕಿನದು ಬಂದು ರೈತರು ಅದನ್ನು ಒಲೆಗೆ ಹಾಕುತ್ತಿದ್ದಾರೆ. ಆ ಬಿದಿರಿನ ಸುರುಳಿಗೆ ಬೀಜಗಳು ಹೋಗಿ ಅಂಟಿಕೊಂಡವು. ಕೆಲವು ವಾರಗಳಲ್ಲಿ ಹಸಿರು ಚುಕ್ಕೆಗಳಾದವು. ಇಡೀ ಒಂದು ವರ್ಷ ಕಳೆದರೂ ಅವು ಸಾಸಿವೆ ಕಾಳಿಗಿಂತ ಸ್ವಲ್ಪವೇ ದೊಡ್ಡವು. ಪ್ರತಿ ಬೆಳಿಗ್ಗೆ ಆ ಚುಕ್ಕೆಗಳಿಗೆ ನೀರಿನ ಹಬೆ ಹಿಡಿಯುತ್ತಿದ್ದ ಹೆಂಗಸನ್ನು ನೋಡಿ ನನಗೆ ನಿಜಕ್ಕೂ ಬೆರಗಾಯಿತು. ನಾನಂತೂ ಇಡ್ಲಿ ಬರುವುದು ಐದು ನಿಮಿಷ ತಡವಾದರೆ ಹೋಟೆಲ್ ಬದಲಿಸುವವನು.

ಗಿಡಗಳು ಬೆರಳುದ್ದ ಆಗಲು ಮೂರ್ನಾಲ್ಕು ವರ್ಷ ಬೇಕಾಯಿತು. ಆಗ ಒಂದು ಭಾನುವಾರ ಚೆಲುವಮ್ಮ ಅವನ್ನು ಚಂದ್ರಿಕೆಯಿಂದ ಬಿಡಿಸಿ ತಟ್ಟೆಗಳಲ್ಲಿ ಹರಡಿಕೊಂಡು ಕೂತರು. ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಇದ್ದವು. ಬೆರಳೆಣಿಕೆಯಷ್ಟು ಮಾತ್ರ ಬೇರೆ ಥರ, ಎಲೆ ಒಂದಿಷ್ಟು ಸಡಿಲ, ಬೆಳವಣಿಗೆ ಸೊಟ್ಟ. ಒಂದೇ ಥರದವನ್ನು ಮತ್ತೆ ಚಂದ್ರಿಕೆಗೆ ಕಟ್ಟಲು ಪಕ್ಕಕ್ಕಿಟ್ಟು, ಆ ಸೊಟ್ಟವನ್ನೆಲ್ಲ ಆರಿಸಿ ಕಸದ ಬುಟ್ಟಿಗೆ ಹಾಕಿದರು. ಅವನ್ನೇಕೆ ಎಸೆಯುತ್ತೀರಿ ಎಂದು ಕೇಳಿದೆ.

"ಮಿಶ್ರತಳಿ ಅಂದ್ರೆ ಎಲ್ಲಾ ಒಂದೇ ಅಚ್ಚಿಗೆ ಬರ್ಬೇಕು ಮೇಷ್ಟ್ರೆ. ನಮ್ ಸಾಹೇಬ್ರು ಯಾವಾಗ್ಲೂ ಹೇಳೋರು. ಒಂದು ಅಂಗೆ, ಒಂದು ಇಂಗೆ ಬಂದ್ರೆ ಅದು ಕಳಪೆ. ಕಳಪೆ ಇಟ್ಕಂಡ್ರೆ ತಳಿ ಕೆಡುತ್ತೆ."

ಕೋಠಿಯಲ್ಲಿ ಅಷ್ಟು ವರ್ಷ ದುಡಿದ ಕೈ ಅದು. ಗುಂಪಿಗೆ ಸೇರದ್ದನ್ನು ಯೋಚಿಸದೆಯೇ ಪಕ್ಕಕ್ಕೆ ಹಾಕುತ್ತಿತ್ತು. ನನಗೂ ಅವರ ಮಾತು ಸರಿಯಾಗಿಯೇ ಕೇಳಿಸಿತು.

ಆ ಬುಟ್ಟಿಯಿಂದ ಒಂದನ್ನು ಎತ್ತಿಕೊಂಡವಳು ಪಕ್ಕದ ಮನೆಯ ಕೆಂಚಮ್ಮ. ರಿಂಗ್ ರೋಡಿನ ಬದಿಯಲ್ಲಿ ಅವಳದೊಂದು ಟೀ ಗಾಡಿ ಇದೆ, ವ್ಯಾಪಾರ ಚೆನ್ನಾಗಿದೆ, ಅದಕ್ಕೇ ಜನರ ಕಣ್ಣಿನ ಭಯ. ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ಲೋಳೆಸರವನ್ನು ಬೇರು ಮೇಲಾಗಿ ಕಟ್ಟಿದ್ದಳು. ಲೋಳೆಸರ ಕೂಡ ಹಾಗೆ ಮಣ್ಣಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆಯಲ್ಲ, ಇದು ಅದರ ಮರಿಯೇ ಇರಬೇಕೆಂದು ಅವಳ ಲೆಕ್ಕ. ಕಪ್ಪು ದಾರದಲ್ಲಿ ಬಿಗಿದು ಲೋಳೆಸರದ ಪಕ್ಕದಲ್ಲೇ ಇದನ್ನೂ ತಲೆಕೆಳಗಾಗಿ ನೇತುಹಾಕಿದಳು. ದಿನಾ ಹೊಸಿಲು ತೊಳೆದ ಕೈಯಿಂದ ಅದಕ್ಕೆ ನೀರು ಚಿಮುಕಿಸುತ್ತಿದ್ದಳು. ಮಂಗಳವಾರ, ಶುಕ್ರವಾರ ಸಂಜೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಬಾಗಿಲಿಗೆ ಹೊಗೆ ಹಿಡಿಯುತ್ತಿದ್ದಳು. ಆ ಹೊಗೆ ನನ್ನ ಒಣಗಿದ ಬಟ್ಟೆಗಳಿಗೂ ಉಚಿತವಾಗಿ ಸಿಗುತ್ತಿತ್ತು.

ಬುಟ್ಟಿಯ ಉಳಿದ ಗಿಡಗಳು ಮರುದಿನದ ಕಸದ ಗಾಡಿಯಲ್ಲಿ ಹೋದವು.

ಮತ್ತೆ ಒಂದೆರಡು ವರ್ಷ ಕಳೆದು, ಹೋದ ವರ್ಷ ಶಿವರಾತ್ರಿಯ ಹೊತ್ತಿಗೆ ತಾರಸಿಯ ಗಿಡಗಳಲ್ಲಿ ಗುಲಾಬಿ ಬಣ್ಣದ ಕಡ್ಡಿಗಳು ಮೂಡಿದವು. ಚೆಲುವಮ್ಮ ತಲೆ ಬಾಚಿಕೊಳ್ಳುವುದನ್ನೂ ಮರೆತು ಮೇಲೆ ಕೆಳಗೆ ಓಡಾಡಿದರು. ಯೋಗೇಂದ್ರ ಬಂದರು. ಮೊದಲ ಹೂ ಅರಳಿತು. ಕಡುನೀಲಿ, ನೆಟ್ಟನೆಯ ಎಸಳು. ಎರಡನೆಯದೂ ಹಾಗೆಯೇ. ವಾರದೊಳಗೆ ಚಂದ್ರಿಕೆಯ ತುಂಬ ಹೂವೋ ಹೂವು, ನೋಡಲು ಎರಡು ಕಣ್ಣು ಸಾಲದು. ಅವುಗಳಲ್ಲಿ ಒಂದಾದರೂ ತಿಳಿಯಾಗಲಿಲ್ಲ, ಒಂದರ ತುದಿಯೂ ತಿರುಚಲಿಲ್ಲ. ಯೋಗೇಂದ್ರ ಕೊನೆಯ ಹೂವಿನವರೆಗೂ ಕಾದರು. ಆಮೇಲೆ ತಮ್ಮ ಭೂತಗನ್ನಡಿಯನ್ನು ಜೇಬಿಗಿಟ್ಟುಕೊಂಡು ಮೆಲ್ಲಗೆ ಹೇಳಿದರು.

"ಇವೆಲ್ಲ ತಾಯಿ ಥರಾನೇ ಇವೆ, ಚೆಲುವಮ್ಮನವರೇ. ತಂದೆಯ ಗುರುತು ಒಂದರಲ್ಲೂ ಕಾಣ್ತಿಲ್ಲ."

ಚೆಲುವಮ್ಮ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ನಡೆದದ್ದನ್ನೆಲ್ಲ ಬೆರಳು ಮಡಚಿ ಲೆಕ್ಕ ಹಾಕಿದರು. ಜೋಡಿ ಮಾಡಿದ ಆ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದಿತ್ತು. ನಮ್ಮ ಬೀದಿಯಲ್ಲಿ ನೀರು ಬಂದರೆ ಬೇರೆಲ್ಲ ಕೆಲಸ ಆಮೇಲೆ. ಡ್ರಮ್ಮು, ಕೊಡ, ಬಕೆಟ್ ಎಲ್ಲ ತುಂಬಿಸಿ ಅವರು ಮೇಲೆ ಬರುವ ಹೊತ್ತಿಗೆ ಬಿಸಿಲೇರಿತ್ತು. ಅಷ್ಟರಲ್ಲಿ ತಾರಸಿಗೆ ದಿನಾ ಮಕರಂದಕ್ಕೆ ಬರುವ ಸೂರಕ್ಕಿ ಏರಾಂತಸ್‌ನಿಂದ ಏರಾಂತಸ್‌ಗೆ ಕೊಕ್ಕು ಹಾಕಿ ತನ್ನ ಕೆಲಸ ಮುಗಿಸಿ ಹೋಗಿತ್ತು. ಇವರ ಗರಿ ಮುಟ್ಟಿದ್ದು ಹಕ್ಕಿ ಮುಟ್ಟಿದ ಮೇಲೆ. ಕಾಯಿಯ ಬೀಜದಲ್ಲಿ ಬಹುಪಾಲು ಸೂರಕ್ಕಿಯ ಪಾಲು, ಅಲ್ಲೊಂದು ಇಲ್ಲೊಂದು ಮಾತ್ರ ಇವರದು. ಇದನ್ನು ಅವರು ಬಿಡಿಬಿಡಿಯಾಗಿ ಹೇಳುತ್ತ ಬಂದು, ತಟಕ್ಕನೆ ನಿಲ್ಲಿಸಿದರು.

"ಅಂಗಾದ್ರೆ ಸೊಟ್ಟಗೆ ಬಂದಿದ್ವಲ್ಲ, ಅವು ನನ್ನವು" ಎಂದರು. "ನನ್ನವನ್ನೇ ಆರಿಸಿ ಆರಿಸಿ ಕಸಕ್ಕೆ ಆಕ್ಬುಟ್ನಲ್ಲ ಸಾ."

ಯೋಗೇಂದ್ರ ತಲೆ ತಗ್ಗಿಸಿದರು. ಅಷ್ಟು ವರ್ಷದ ಕಾಯುವಿಕೆ, ಅದರ ಫಲವನ್ನು ಅವರ ಕೈಯೇ ಬುಟ್ಟಿಗೆ ಹಾಕಿತ್ತು. ಆಗಲೇ ಚೆಲುವಮ್ಮನಿಗೂ ನನಗೂ ಒಟ್ಟಿಗೆ ನೆನಪಾದದ್ದು ಪಕ್ಕದ ಮನೆಯ ಬಾಗಿಲು. ಮೂವರೂ ಮೆಟ್ಟಿಲಿಳಿದು ಓಡಿದೆವು.

ಗಿಡ ಜೀವಂತವಾಗಿತ್ತು. ಲೋಳೆಸರಗಳು ಎಷ್ಟೋ ಬದಲಾಗಿದ್ದವು, ಇದು ಮಾತ್ರ ಹೊಗೆಯಲ್ಲಿ ಮಿಂದು ಮಿಂದು ಕಪ್ಪು ದಾರಕ್ಕೆ ಜೋತುಬಿದ್ದುಕೊಂಡು ಬೆಳೆದಿತ್ತು. ಹೂವಿನ ಸುಳಿವಿರಲಿಲ್ಲ. ಬಿಚ್ಚಿ ಕೊಡು ಎಂದು ಚೆಲುವಮ್ಮ ಬೇಡಿದರು. ಕೆಂಚಮ್ಮ ಒಪ್ಪಲಿಲ್ಲ.

"ದೃಷ್ಟಿಗೆ ಕಟ್ಟಿದ್ದನ್ನ ಬಿಚ್ಚಿ ನಿನ್ ಕೈಗೆ ಕೊಟ್ರೆ, ನಮ್ ಮನೆ ಮೇಲೆ ಬಿದ್ದಿರೋ ಕಣ್ಣೆಲ್ಲ ನಿನ್ ಮನೆಗೆ ಕಳ್ಸಿದಂಗೆ ಕಣಕ್ಕ. ಅಂತಾ ಕೆಲ್ಸ ನಾನು ಮಾಡಲ್ಲ."

ಜಿಪುಣತನದಿಂದ ಬಂದ ಮಾತಲ್ಲ ಅದು, ಅಕ್ಕನ ಮೇಲಿನ ಪ್ರೀತಿಯೇ. ಹಾಗಾಗಿ ಜಗಳ ಇನ್ನೂ ಕಷ್ಟವಾಯಿತು. ಸರಿ, ಗಿಡ ಅಲ್ಲೇ ಇರಲಿ, ಆದರೆ ಹೊಗೆ ನಿಲ್ಲಿಸು, ಎಲೆಯಿಂದ ಉಸಿರಾಡುವ ಜೀವ, ಸತ್ತೇಹೋಗುತ್ತದೆ ಎಂದು ಚೆಲುವಮ್ಮ ಹೇಳಿದರು. ಮಂಗಳವಾರ ಶುಕ್ರವಾರದ ಹೊಗೆ ನಿಲ್ಲಿಸಿದರೆ ಮನೆಗೆ ಆಗಿಬರುವುದಿಲ್ಲ ಎಂದು ಕೆಂಚಮ್ಮ ಹೇಳಿದಳು. ಸಂಧಾನಕ್ಕೆ ನನ್ನನ್ನು ಕಳಿಸಿದರು. ಹೊಗೆಯ ಕಣಗಳು ಎಲೆಯ ರಂಧ್ರ ಮುಚ್ಚುತ್ತವೆ ಎಂದು ನಾನು ಕೈಬಾಯಿ ತಿರುಗಿಸಿ ವಿವರಿಸಿದೆ. ಕೆಂಚಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದು ಲೋಟ ಟೀ ಕೊಟ್ಟು ಕಳಿಸಿದಳು. ಆ ಸಂಜೆಯ ಹೊಗೆ ಎಂದಿಗಿಂತ ದಟ್ಟವಾಗಿತ್ತು.

ಅಷ್ಟು ವರ್ಷ ಸಂಬಂಧಿಕರಂತಿದ್ದ ಇಬ್ಬರೂ ಮಾತು ಬಿಟ್ಟರು. ಚೆಲುವಮ್ಮ ಬೆಳಿಗ್ಗೆ ತಾರಸಿಯ ಅಂಚಿಗೆ ಬಂದು, ಬಾಗಿ, ಪಕ್ಕದ ಬಾಗಿಲನ್ನು ನೋಡಿ ಒಳಗೆ ಹೋಗುತ್ತಿದ್ದರು. ತಾರಸಿಯ ಗಿಡಗಳಿಗೆ ನೀರು ಹಾಕುವ ಕೆಲಸ ಯಾವಾಗ ನನ್ನ ಪಾಲಿಗೆ ಬಂತೋ ನನಗೇ ತಿಳಿಯಲಿಲ್ಲ. ಅದು ಮಿಶ್ರವೇ ಆಗಿದ್ದರೆ ಬರ್ಜೆರಿಯ ಸ್ವಭಾವ ಬಂದು ಹೂ ಬಿಡಲು ಇನ್ನೂ ಎಷ್ಟು ವರ್ಷವೋ, ಮಿಶ್ರವಲ್ಲದೆ ಬರೀ ಸೊಟ್ಟ ಗಿಡವೂ ಆಗಿರಬಹುದು ಎಂದು ಯೋಗೇಂದ್ರ ಹೋಗುವ ಮುಂಚೆ ಹೇಳಿದ್ದರು. ಚೆಲುವಮ್ಮನಿಗೆ ಆಗಲೇ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು, ಮಂಡಿನೋವಿತ್ತು. ಎಷ್ಟು ವರ್ಷವೋ ಎಂಬ ಮಾತು ಅವರಿಗೆ ಹೇಗೆ ಕೇಳಿಸಿರಬಹುದು ಎಂದು ನನಗೆ ಗೊತ್ತು.

ಯುಗಾದಿಗೆ ಇನ್ನು ಕೆಲವೇ ದಿನಗಳಿದ್ದವು. ಶುಕ್ರವಾರ ಬೆಳಿಗ್ಗೆ ನಾನು ಬ್ಯಾಚಿಗೆ ಹೊರಡುತ್ತಿದ್ದಾಗ ಕೆಂಚಮ್ಮ ಗೇಟಿನ ಬಳಿ ಬಂದು ನಿಂತಿದ್ದಳು. ಚೆಲುವಕ್ಕನನ್ನು ಕರೀರಿ ಮೇಷ್ಟ್ರೆ, ಬಾಗಿಲಲ್ಲಿ ಕೆಂಪಗೆ ಏನೋ ಬಂದಿದೆ, ಒಳ್ಳೆಯದೋ ಕೆಟ್ಟದೋ ನನಗೆ ತಿಳಿಯುತ್ತಿಲ್ಲ ಎಂದಳು. ಅವಳ ದನಿಯಲ್ಲಿ ಹೆದರಿಕೆಯಿತ್ತು. ಚೆಲುವಮ್ಮ ಬರಿಗಾಲಿನಲ್ಲಿ ಬಂದರು.

ಗುಲಾಬಿ ಕಡ್ಡಿ ಹೊರಬಂದಿತ್ತು. ಗಿಡ ತಲೆಕೆಳಗಾಗಿದ್ದರೂ ಕಡ್ಡಿ ಮಾತ್ರ ಬಾಗಿ ತಿರುಗಿ ಆಕಾಶದ ಕಡೆ ಮುಖ ಮಾಡಿತ್ತು. ತುದಿಯಲ್ಲಿ ಒಂದು ಹೂ ಅರಳಿತ್ತು. ನಾನು ಯೋಗೇಂದ್ರ ಅವರಿಗೆ ಫೋನ್ ಮಾಡಿದೆ, ಬ್ಯಾಚಿಗೆ ರಜೆ ಹೇಳಿದೆ.

ಯೋಗೇಂದ್ರ ಸ್ಟೂಲ್ ಹತ್ತಿ ಭೂತಗನ್ನಡಿ ಹಿಡಿದು ನೋಡಿದರು. ಇಳಿದರು. ಮತ್ತೆ ಹತ್ತಿ ನೋಡಿದರು. ಬಣ್ಣ ಕಡುನೀಲಿಯಲ್ಲ, ತಿಳಿನೀಲಿಯೂ ಅಲ್ಲ, ಎರಡರ ನಡುವಿನದು. ಎಸಳು ಬುಡದಲ್ಲಿ ತಾಯಿಯಂತೆ ನೆಟ್ಟಗೆ ಹೊರಟು, ತುದಿಗೆ ಬರುವಾಗ ತಂದೆಯ ನೆನಪಾದಂತೆ ಅರ್ಧ ಸುತ್ತು ತಿರುಗಿ ನಿಂತಿತ್ತು. ಲ್ಯಾಬಿನಲ್ಲಿ ಪರೀಕ್ಷೆ ಮಾಡದೆ ಸಹಿ ಹಾಕಿ ಹೇಳಲಾರೆ, ಆದರೆ ನನ್ನ ಕಣ್ಣಿಗೆ ಇದರಲ್ಲಿ ಇಬ್ಬರೂ ಕಾಣುತ್ತಿದ್ದಾರೆ ಎಂದರು. ಇಷ್ಟು ಬೇಗ ಹೂ ಹೇಗೆ ಬಂತು ಎಂದು ನಾನು ಕೇಳಿದೆ. ಅವರು ಬಾಗಿಲ ಚೌಕಟ್ಟಿನ ಮಸಿಯನ್ನು ನೋಡಿ ನಕ್ಕರು. ಇವು ಅನಾನಸ್ ಕುಟುಂಬದ ಗಿಡಗಳು, ಹಿಂದೆ ಅನಾನಸ್ ಬೆಳೆಯುವವರು ತೋಟಕ್ಕೆ ಹೊಗೆ ಹಾಕಿ ಹೂ ಬರಿಸುತ್ತಿದ್ದರು, ಹೊಗೆಯಲ್ಲಿರುವ ಒಂದು ಅನಿಲಕ್ಕೆ ಗಿಡ ಹೂ ಬಿಡುತ್ತದೆ, ಇಲ್ಲೂ ಅದೇ ಆಗಿರಬಹುದು ಎಂದರು. ಹೊಗೆಯ ಕಣಗಳ ಮೇಲಿನ ನನ್ನ ಭಾಷಣ ನೆನಪಾಗಿ ನಾನು ಸುಮ್ಮನೆ ಬೀದಿಯ ಕಡೆ ನೋಡಿದೆ. ಕೆಂಚಮ್ಮ ನನ್ನ ಕಡೆಯೇ ನೋಡುತ್ತಿದ್ದಳು.

ಕೊನೆಗೆ ಚೆಲುವಮ್ಮ ಸ್ಟೂಲ್ ಹತ್ತಿದರು. ಯೋಗೇಂದ್ರ ಅವರೂ ನಾನೂ ಅವರ ತೋಳು ಹಿಡಿದುಕೊಂಡೆವು. ಭೂತಗನ್ನಡಿ ಬೇಡವೆಂದರು. ಮುಖವನ್ನು ಹೂವಿನ ಹತ್ತಿರಕ್ಕೆ ತಂದು, ಉಸಿರು ತಾಗದಂತೆ ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಕೋಠಿಯಲ್ಲಿ ಅವರ ಕೈ ದಾಟಿ ಹೋದ ಜೋಡಿಗಳಿಗೆ ಲೆಕ್ಕವಿಲ್ಲ. ಅವುಗಳ ಮಕ್ಕಳು ಹುಟ್ಟಿ, ಮೇಯ್ದು, ನೂಲಾಗಿ, ಸೀರೆಯಾಗಿ ಊರೂರಲ್ಲಿ ಹಳತಾಗಿರಬೇಕು. ಅದರಲ್ಲಿ ಒಂದೂ ಅವರಿಗೆ ಕಾಣಸಿಕ್ಕಿರಲಿಲ್ಲ. ನಾನು ಅವರ ತೋಳು ಹಿಡಿದು ನಿಂತು ಆ ನೀಲಿಯನ್ನು ನೋಡಿದೆ. ಒಂದು ಗರಿ, ಒಂದು ಹಕ್ಕಿ, ನಲ್ಲಿಯ ನೀರು, ಕಸದ ಬುಟ್ಟಿ, ಕಪ್ಪು ದಾರ, ಸಾಂಬ್ರಾಣಿ, ಇಷ್ಟೂ ದಾಟಿ ಇದು ಇಲ್ಲಿಗೆ ಬಂದಿತ್ತು.

"ಇದೇ ಕಣೆ ಕೆಂಚಿ" ಎಂದರು ಚೆಲುವಮ್ಮ, ಸೆರಗಿನ ಒಳಗಿನಿಂದಲೇ. "ಇದೇ ಮುಖ."

ಕೆಂಚಮ್ಮ ಕಣ್ಣೊರೆಸಿಕೊಂಡಳು. ದಾರ ಬಿಚ್ಚುವ ಮಾತು ಮತ್ತೆ ಬರಲಿಲ್ಲ. ಹೂ ಬಿಟ್ಟ ಮೇಲೆ ಇಂಥ ಗಿಡ ಮೆಲ್ಲಗೆ ಸೋತು ಬುಡದಲ್ಲಿ ಮರಿ ಹಾಕುತ್ತದೆ ಎಂದು ಯೋಗೇಂದ್ರ ಹೇಳಿದರು. ಮರಿಗೆ ದಾರ ಕಟ್ಟಿಲ್ಲವಲ್ಲ, ಅದರ ಮೇಲೆ ಯಾವ ಕಣ್ಣೂ ಬಿದ್ದಿರುವುದಿಲ್ಲ, ಮರಿಗಳೆಲ್ಲ ಅಕ್ಕನಿಗೇ ಎಂದು ಕೆಂಚಮ್ಮ ತೀರ್ಪು ಕೊಟ್ಟಳು.

ಆ ಸಂಜೆ ನಾನು ಒಣಗಿದ ಬಟ್ಟೆ ತರಲು ಮೇಲೆ ಹೋಗಿದ್ದೆ. ಕೆಳಗೆ ಕೆಂಚಮ್ಮ ಕೆಂಡದ ಬಟ್ಟಲು ಹಿಡಿದು ಹೊಸಿಲ ಬಳಿ ಬಂದಳು. ಚೆಲುವಮ್ಮ ಅಲ್ಲೇ ಕೂತಿದ್ದವರು ಮಂಡಿ ಹಿಡಿದುಕೊಂಡು ಎದ್ದು, ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡರು. ಒಂದು ಚಿಟಿಕೆ ಸಾಂಬ್ರಾಣಿ ತಾವೇ ಹಾಕಿದರು. ಹೊಗೆ ಎದ್ದಾಗ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಹೂವಿಗೆ ತಾಗುವಂತೆ ನಿಧಾನವಾಗಿ ಹಿಡಿದರು.